ರೆಕ್ಕೆ ಇರುವವರ ಕಥೆಗಳು: ನಮ್ಮ ಪಡಸಾಲೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಮೊದಲು ಅದರಲ್ಲಿ ಮಾವನವರ ಹಳೇ ಪಂಚಾಂಗ, ಲೈಟ್ ಬಿಲ್ಲು, ಕೆಟ್ಟುಹೋದ ಟಾರ್ಚು ಎಲ್ಲ ಇರುತ್ತಿದ್ದವು. ಈಗ ಪೂರ್ತಿ ಡ್ರ್ಯಾಗನ್, ಕಿನ್ನರಿ, ಹಾರುವ ಕುದುರೆ. ನನ್ನ ಮಗಳು ಓದಿ ಬಿಟ್ಟ ಪುಸ್ತಕ ಸುಮ್ನೆ ಯಾಕೆ ಇರಬೇಕು ಅಂತ ಓಣಿಯ ಹುಡುಗರಿಗೆ ಕೊಡೋಕೆ ಶುರು ಮಾಡಿದೆ, ಅದು ಬೆಳೆದು ಬೆಳೆದು ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಬಾಗಿಲ ಮುಂದೆ ಚಪ್ಪಲಿ ಅಂಗಡಿ ಇಟ್ಟಹಾಗೆ ಇರುತ್ತದೆ. ಹುಡುಗರ ಜೊತೆ ಅವರ ಅವ್ವಂದಿರು, ಒಮ್ಮೊಮ್ಮೆ ಅಜ್ಜಂದಿರೂ ಬರುತ್ತಾರೆ. ಬಂದವರೆಲ್ಲ ಕೇಳುವುದು ಅದೇ ಪ್ರಶ್ನೆ. ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಟ್ಟೆ. ಮಕ್ಕಳು ಕೇಳಿದ್ದನ್ನು ಅವರ ಮಾತಲ್ಲೇ ಬಿಟ್ಟಿದ್ದೇನೆ.

ಅಕ್ಕಾರ, ಡ್ರ್ಯಾಗನ್ ಖರೇನ ಅದಾವೇನ್ರಿ?

ಇಲ್ಲಪ್ಪಾ. ಬೆಂಕಿ ಉಗುಳಿಕೊಂಡು ಹಾರುವ ಡ್ರ್ಯಾಗನ್ ಎಲ್ಲೂ ಇಲ್ಲ, ಹಿಂದೆಯೂ ಇರಲಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಖುಷಿಪಡಿಸೋಕೆ ನನಗೆ ಆಗಲ್ಲ.

ಆದರೆ ಒಂದು ಮಾತು. ಪಶ್ಚಿಮ ಘಟ್ಟದ ಕಾಡಲ್ಲಿ ಒಂದು ಸಣ್ಣ ಓತಿ ಇದೆ. ಮರದ ತೊಗಟೆಗೆ ಅಂಟಿಕೊಂಡು ಕೂತಿದ್ದರೆ ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಪಕ್ಕೆಲುಬುಗಳನ್ನು ಛತ್ರಿ ಕಡ್ಡಿಯ ಹಾಗೆ ಅಗಲಿಸುತ್ತದೆ, ಅದರ ಮೇಲಿನ ಚರ್ಮ ಬಿಗಿಯಾಗುತ್ತದೆ, ಈ ಮರದಿಂದ ಆ ಮರಕ್ಕೆ ತೇಲಿ ಹೋಗುತ್ತದೆ. ಅದರ ವೈಜ್ಞಾನಿಕ ಹೆಸರು ಏನು ಗೊತ್ತಾ? ಡ್ರಾಕೊ. ಲ್ಯಾಟಿನ್‌ನಲ್ಲಿ ಡ್ರ್ಯಾಗನ್ ಅಂತಲೇ ಅರ್ಥ. ಕನ್ನಡದ ದೊಡ್ಡವರಿಗೆ ಈ ಓತಿ ಗೊತ್ತಿರುತ್ತದೆ, ಯಾಕಂದರೆ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಇದರ ಬೆನ್ನು ಹತ್ತಿಯೇ 'ಕರ್ವಾಲೊ' ಬರೆದರು. ಪುಸ್ತಕ ಕೇಳಲು ಬಂದು ಮೂಗು ಮುರಿಯುವ ಅಪ್ಪಂದಿರಿಗೆ ನಾನು ಇದನ್ನೇ ಹೇಳುವುದು: ನೀವು ಕಾಲೇಜಲ್ಲಿ ಓದಿದ್ದೂ ಹಾರುವ ಡ್ರ್ಯಾಗನ್ ಕಥೆಯೇ ಅಲ್ವಾ?

ಇನ್ನು ಚಿತ್ರದಲ್ಲಿ ಬರುವ ದೊಡ್ಡ ಡ್ರ್ಯಾಗನ್ನು. ಅದಕ್ಕೆ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ಎಣಿಸಿ ನೋಡಿ, ಆರಾಯಿತು. ಬೆನ್ನುಮೂಳೆ ಇರುವ ಯಾವ ಪ್ರಾಣಿಗೂ ಕೈಕಾಲು ರೆಕ್ಕೆ ಎಲ್ಲ ಸೇರಿ ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಹಕ್ಕಿಗೆ ರೆಕ್ಕೆಯೇ ಕೈ. ಬಾವಲಿಯ ರೆಕ್ಕೆಯಂತೂ ಉದ್ದುದ್ದ ಬೆರಳುಗಳ ನಡುವೆ ಬಿಗಿದ ಚರ್ಮ. ಡ್ರ್ಯಾಗನ್ ಚಿತ್ರ ಬಿಡಿಸುವವರು ಹೆಚ್ಚಾಗಿ ಬಾವಲಿ ರೆಕ್ಕೆಯನ್ನೇ ತಂದು ಹಲ್ಲಿಯ ಬೆನ್ನಿಗೆ ಅಂಟಿಸಿರುತ್ತಾರೆ.

ಹಂಗಾರ ಅಷ್ಟ್ ದೊಡ್ಡದು ಯಾವದೂ ಹಾರೇ ಇಲ್ಲೇನ್ರಿ?

ಹಾರಿದೆ! ಡೈನೋಸಾರ್ ಕಾಲದ ಕೊನೆಯಲ್ಲಿ ಕ್ವೆಟ್ಜಲ್‌ಕೋಟ್ಲಸ್ ಅಂತ ಒಂದು ಹಾರುವ ಸರೀಸೃಪ ಇತ್ತು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 10 ಮೀಟರ್. ನಮ್ಮ ಮನೆ ಮುಂದೆ ಇಳಿದರೆ ರೋಡ್ ಬಂದ್. ಡೈನೋಸಾರ್ ಅಲ್ಲ ಅದು, ಅದರ ದೂರದ ಸಂಬಂಧಿ. ಹೆಸರು ಮಾತ್ರ ಮೆಕ್ಸಿಕೋದ ಹಳೇ ಜನ ಪೂಜಿಸುತ್ತಿದ್ದ ಗರಿ ಇರುವ ಹಾವಿನ ದೇವರದು. ನೋಡಿ, ವಿಜ್ಞಾನಿಗಳಿಗೂ ಹೆಸರಿಡುವಾಗ ಹಾರುವ ಹಾವೇ ನೆನಪಾಗಿದೆ.

ಡ್ರ್ಯಾಗನ್, ಫೇರಿ ಇವಕ್ಕೆಲ್ಲ ಕನ್ನಡದಲ್ಲಿ ಏನನ್ನಬೇಕು?

ಇದು ಕನ್ನಡ ಮಾಸ್ತರರು ಜಾಸ್ತಿ ಕೇಳುವ ಪ್ರಶ್ನೆ. ಡ್ರ್ಯಾಗನ್‌ಗೆ ಕೆಲವರು ಘಟಸರ್ಪ ಅಂತ ಬರೆಯುತ್ತಾರೆ. ಕೇಳೋಕೆ ಗಟ್ಟಿಯಾಗಿದೆ, ಆದರೆ ನಮ್ಮ ಕಡೆ ಒಂದು ತೊಂದರೆ. ಬೆಳಗಾವಿ ಕಡೆ ಮರಾಠಿ ಬಲ್ಲ ಅಜ್ಜಿಯರಿಗೆ ಘಟಸರ್ಪ ಅಂದರೆ ಗಂಟಲಿಗೆ ಬರುವ ಡಿಫ್ತೀರಿಯಾ ರೋಗ. ಮೊಮ್ಮಗ 'ನನಗ ಘಟಸರ್ಪ ಬೇಕು' ಅಂದರೆ ಅಜ್ಜಿ ಎದೆ ಒಡೆದುಕೊಳ್ಳುತ್ತಾಳೆ. ನಾನು ಡ್ರ್ಯಾಗನ್ ಅಂತಲೇ ಹೇಳುತ್ತೇನೆ. ಬಸ್ಸು, ಪೆನ್ನು ಕನ್ನಡ ಆದಹಾಗೆ ಇದೂ ಆಗಿದೆ.

ಫೇರಿಗೆ ಕಿನ್ನರಿ ಚೆನ್ನಾಗಿ ಒಗ್ಗುತ್ತದೆ. ಅಪ್ಸರೆ ಬೇಡ, ಅವರು ಇಂದ್ರನ ಸಭೆಯವರು, ಅವರ ಕಥೆಗಳು ಮಕ್ಕಳ ಪುಸ್ತಕಕ್ಕೆ ಒಂಚೂರು ಜಾಸ್ತಿಯೇ. ಯಕ್ಷಿಣಿ ಅಂದರೆ ನಮ್ಮ ಹುಡುಗರಿಗೆ ಜಾದೂ ನೆನಪಾಗುತ್ತದೆ. ವಿಜಯಪುರದ ನಮ್ಮ ನೆಂಟರ ಓಣಿಯಲ್ಲಿ ಉರ್ದು ಮಾತಾಡುವ ಹುಡುಗಿಯರು 'ಪರಿ' ಅನ್ನುತ್ತಾರೆ. ಅದು ಪಾರಸಿ ಮಾತು. ಆದಿಲ್‌ಶಾಹಿ ಕಾಲದಲ್ಲಿ ಪಾರಸಿ ಆ ಊರಿನ ದರಬಾರಿನ ಭಾಷೆ ಆಗಿತ್ತು, ಹಾಗಾಗಿ ಪರಿ ನಮ್ಮ ಜಿಲ್ಲೆಗಳಿಗೆ ಇಂಗ್ಲಿಷ್ ಫೇರಿಗಿಂತ ಎಷ್ಟೋ ಮುಂಚೆ ಬಂದವಳು. ನನಗಂತೂ ಈ ಪದ ತುಂಬಾ ಇಷ್ಟ. ಎರಡೇ ಅಕ್ಷರ, ಬಾಯಲ್ಲಿ ಹಗುರ.

ಇದೆಲ್ಲ ಪರದೇಶದ್ದು. ನಮ್ಮ ಕಡೆ ಇಂಥದ್ದು ಎಲ್ಲಿದೆ?

ಎಲ್ಲಿದೆ ಅಂತೀರಾ? ಬಾದಾಮಿ ಇಲ್ಲಿಂದ ಬಸ್ಸಿಗೆ ಒಂದು ತಾಸಿನ ಚಿಲ್ಲರೆ ದಾರಿ. ಮಂಗಗಳ ಕಾಟ ಇದೆ, ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಬೇಡಿ. ಮೂರನೇ ಗುಹೆಗೆ ಹೋಗಿ. ಕ್ರಿಸ್ತಶಕ 578ರಲ್ಲಿ ಮಂಗಲೇಶ ಮಾಡಿಸಿದ್ದು ಅಂತ ಅಲ್ಲೇ ಶಾಸನ ಇದೆ. ಒಳಗೆ ಗರುಡ ಇದ್ದಾನೆ. ಅವನಿಗೆ ರೆಕ್ಕೆ ಇದೆ. ಈಗ ತಲೆ ಎತ್ತಿ ಚಾವಣಿ ನೋಡಿ, ಮೊದಲನೇ ಗುಹೆಯ ಚಾವಣಿಯನ್ನೂ ನೋಡಿ. ಹಾರುವ ಜೋಡಿಗಳು ಕಾಣುತ್ತವೆ. ಗಂಧರ್ವರು, ವಿದ್ಯಾಧರರು ಅನ್ನುತ್ತಾರೆ. ಅವರಿಗೆ ರೆಕ್ಕೆ ಇದೆಯಾ?

ಇಲ್ಲ!

ಇದನ್ನು ನಾನು ನಲವತ್ತು ವರ್ಷ ಗಮನಿಸಿಯೇ ಇರಲಿಲ್ಲ. ಸಣ್ಣವಳಿದ್ದಾಗಿಂದ ಬಾದಾಮಿಗೆ ಹೋಗುತ್ತಿದ್ದೇನೆ, ಬನಶಂಕರಿ ಜಾತ್ರೆಗೆ ಹೋದಾಗೆಲ್ಲ ಗುಹೆ ಹತ್ತಿ ಇಳಿದದ್ದಾಗಿದೆ. ತೋರಿಸಿದ್ದು ನಮ್ಮ ಕಪಾಟಿನ ಒಬ್ಬ ಎಂಟು ವರ್ಷದ ಹುಡುಗಿ. 'ಅಕ್ಕಾರ, ಇವ್ರಿಗೆ ರೆಕ್ಕಿನ ಇಲ್ಲ, ಮತ್ತ ಹೆಂಗ್ ಹಾರತಾರ?' ಅಂದಳು. ಆಮೇಲೆ ಕುತ್ತಿಗೆ ನೋಯುವವರೆಗೂ ನೋಡಿದೆವು. ಕಾಲು ನೋಡಿ, ಮಂಡಿ ಮಡಚಿ ಪಾದ ಹಿಂದಕ್ಕೆ ಹೋಗಿದೆ, ಈಜುವವರ ಹಾಗೆ. ಬಟ್ಟೆ ನೋಡಿ, ಅದರ ಅಂಚು ಗಾಳಿಗೆ ಹಿಂದೆ ಹಾರುತ್ತಿದೆ. ಅಷ್ಟೇ. ಮಡಚಿದ ಕಾಲು, ಹಾರುವ ಸೆರಗು ಇವೆರಡರಲ್ಲೇ ನಮ್ಮ ಶಿಲ್ಪಿ ಕಲ್ಲನ್ನು ಆಕಾಶಕ್ಕೆ ಏರಿಸಿದ್ದಾನೆ. ಅವತ್ತು ಸಂಜೆ ಆ ಹುಡುಗಿ ಅವರ ಅವ್ವನ ಇಳಕಲ್ ಸೀರೆಯ ಸೆರಗು ಹೆಗಲಿಗೆ ಕಟ್ಟಿಕೊಂಡು ದಿವಾನದ ಮೇಲಿಂದ ಮಂಡಿ ಮಡಚಿ ಹಾರಿದಳು. ಬಿದ್ದಳು. ಮೊಣಕೈ ತರಚಿತು. ಅವರ ಅವ್ವ ನನಗೆ ಬೈದರು, ಅದು ಬೇರೆ ಕಥೆ.

ಐಹೊಳೆಯಲ್ಲೂ ಇಂಥ ಹಾರುವ ಗಂಧರ್ವರು ಇದ್ದರು. ಅದರಲ್ಲಿ ಒಂದು ಜೋಡಿ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ರೆಕ್ಕೆ ಇಲ್ಲದೆ ಅಷ್ಟು ದೂರ ಹೋಗಿದ್ದಾರೆ. ಹೋದವರ ಬಗ್ಗೆ ಬೇಜಾರು ಬೇಡ, ಇಲ್ಲಿ ಉಳಿದವರು ಬೇಕಾದಷ್ಟಿದ್ದಾರೆ.

ಎರಡು ತಲೆಯ ಗಂಡಭೇರುಂಡ ಗೊತ್ತಲ್ಲ? ನಮ್ಮ ರಾಜ್ಯದ ಲಾಂಛನದಲ್ಲೇ ಇದೆ. ಅದರ ಅಕ್ಕಪಕ್ಕ ನಿಂತಿರುವ ಪ್ರಾಣಿಗಳಿಗೆ ಸಿಂಹದ ಮೈ, ಆನೆಯ ತಲೆ. ಯಾವುದಾದರೂ ಸರ್ಕಾರಿ ಕಾಗದ ತೆಗೆದು ಮಕ್ಕಳಿಗೆ ತೋರಿಸಿ. ಪರದೇಶದ ಡ್ರ್ಯಾಗನ್ ವಿಚಿತ್ರ ಅನ್ನುವವರು ಇದನ್ನು ಏನನ್ನುತ್ತಾರೋ.

ಬೆಂಕಿ ಉಗಳೂದು ನಮ್ಮ ಕಡೆ ಯಾವದರ ಐತೇನ್ರಿ?

ಐತಿ. ವಿಜಯಪುರದಲ್ಲಿ, ಷೇರ್ಜಾ ಬುರುಜಿನ ಮೇಲೆ. ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಎಲ್ಲರೂ ಅದರ ಪಕ್ಕಕ್ಕೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ, ನೀವು ಬಾಯಿಯ ಎದುರಿಗೆ ಹೋಗಿ ನಿಲ್ಲಿ. ತೋಪಿನ ಬಾಯಿಯೇ ಒಂದು ಮೃಗದ ಬಾಯಿ. ಸಿಂಹದಂಥ ಮುಖ, ತೆರೆದ ದವಡೆ, ಹಲ್ಲಿನ ನಡುವೆ ಸಿಕ್ಕಿಹಾಕಿಕೊಂಡ ಒಂದು ಪುಟ್ಟ ಆನೆ. ಆ ಬಾಯಿಯಿಂದ ಬೆಂಕಿ ಹೊರಗೆ ಬರುತ್ತಿತ್ತು ಅಂದಮೇಲೆ ಅದು ಮತ್ತೇನು? ರೆಕ್ಕೆ ಮಾತ್ರ ಇಲ್ಲ. 55 ಟನ್‌ಗೆ ರೆಕ್ಕೆ ಕಟ್ಟಿದರೂ ಏನು ಪ್ರಯೋಜನ.

ಕಿನ್ನರಿಯರನ್ನ ಯಾರರ ಫೋಟೋ ತಗದಾರೇನ್ರಿ? ಮೊಬೈಲ್‌ನಾಗ ನೋಡೇನಿ.

ಮೊಬೈಲಲ್ಲಿ ನೀನು ನೋಡಿದ್ದು ಕಂಪ್ಯೂಟರಲ್ಲಿ ಮಾಡಿದ್ದು ತಮ್ಮಾ. ಆದರೆ ನೂರು ವರ್ಷದ ಹಿಂದೆಯೇ ಇಂಥ ಒಂದು ಫೋಟೋ ಇಡೀ ಇಂಗ್ಲೆಂಡನ್ನು ಮರುಳು ಮಾಡಿತ್ತು. ಈ ಕಥೆಯನ್ನು ನಾನು ಹೇಳದ ಭಾನುವಾರ ಇಲ್ಲ.

1917. ಇಂಗ್ಲೆಂಡಿನ ಕಾಟಿಂಗ್ಲಿ ಅನ್ನುವ ಹಳ್ಳಿ. ಎಲ್ಸಿ ಅಂತ 16 ವರ್ಷದವಳು, ಅವಳ ಚಿಕ್ಕ ಸೋದರಸಂಬಂಧಿ ಫ್ರಾನ್ಸಿಸ್, 9 ವರ್ಷ. ಹಳ್ಳದ ಹತ್ತಿರ ಆಡಿ ಒದ್ದೆಯಾಗಿ ಬಂದು ಬೈಸಿಕೊಳ್ಳುತ್ತಿದ್ದರು. ಅಲ್ಲಿ ಕಿನ್ನರಿಯರು ಬರುತ್ತಾರೆ ಅಂದರು. ದೊಡ್ಡವರು ನಕ್ಕರು. ಎಲ್ಸಿ ಅಪ್ಪನ ಕ್ಯಾಮೆರಾ ಇಸಿದುಕೊಂಡು ಹೋಗಿ ಫೋಟೋ ತೆಗೆದೇ ಬಿಟ್ಟರು. ಫ್ರಾನ್ಸಿಸ್ ಮುಂದೆ ರೆಕ್ಕೆಯ ಪುಟ್ಟ ಹುಡುಗಿಯರು ಕುಣಿಯುತ್ತಿದ್ದಾರೆ! ಮೂರು ವರ್ಷದ ಮೇಲೆ ಷರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್ ಇದನ್ನು ನಂಬಿ ಪತ್ರಿಕೆಯಲ್ಲಿ ದೊಡ್ಡ ಲೇಖನ ಬರೆದರು. ಜಗತ್ತಿನ ಅತಿ ಜಾಣ ಪತ್ತೇದಾರನನ್ನು ಹುಟ್ಟಿಸಿದ ಮನುಷ್ಯ, ಇಬ್ಬರು ಹುಡುಗಿಯರ ಮುಂದೆ ಸೋತ. ಗುಟ್ಟು ಬಿಟ್ಟುಕೊಟ್ಟಿದ್ದು 1983ರಲ್ಲಿ, ಇಬ್ಬರೂ ಅಜ್ಜಿಯರಾದ ಮೇಲೆ. ಮಕ್ಕಳ ಪುಸ್ತಕದ ಚಿತ್ರ ನೋಡಿ ಬಿಡಿಸಿ, ಕತ್ತರಿಸಿ, ಟೋಪಿಗೆ ಸಿಕ್ಕಿಸುವ ಪಿನ್ನಿನಲ್ಲಿ ಹುಲ್ಲಿನ ನಡುವೆ ನಿಲ್ಲಿಸಿದ್ದರಂತೆ. ಅಷ್ಟಾದರೂ ಫ್ರಾನ್ಸಿಸ್ ಮಾತ್ರ ಐದನೇ ಫೋಟೋ ಒಂದು ನಿಜ ಅಂತಲೇ ಹಟ ಹಿಡಿದಿದ್ದರು.

ನಮ್ಮ ಹುಡುಗರು ಇದನ್ನು ಕೇಳಿ ಸುಮ್ಮನೆ ಕೂರಲಿಲ್ಲ. ರಟ್ಟಿನ ಕಿನ್ನರಿ ಕತ್ತರಿಸಿ ನಮ್ಮ ತುಳಸಿಕಟ್ಟೆಯಲ್ಲಿ ಗುಂಡುಸೂಜಿ ಚುಚ್ಚಿ ನಿಲ್ಲಿಸಿದರು. ನೀರು ಹಾಕುವಾಗ ಸೂಜಿ ನನ್ನ ಬೆರಳಿಗೆ ಚುಚ್ಚಿತು.

ಅಂದಹಾಗೆ, ಹಳೇ ಕಾಲದ ಇಂಗ್ಲೆಂಡಿನ ಜನಪದ ಕಥೆಗಳಲ್ಲಿ ಕಿನ್ನರಿಯರಿಗೆ ರೆಕ್ಕೆ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಚಿತ್ರಗಾರರು, ನಾಟಕದವರು ಚಿಟ್ಟೆ ರೆಕ್ಕೆ ಅಂಟಿಸಿ ಅಂಟಿಸಿ ಅದೇ ಖಾಯಂ ಆಯಿತು. ನಮ್ಮ ಗಂಧರ್ವರ ಹಾಗೇ ಅವರೂ ಮೊದಲು ಸುಮ್ನೆ ಹಾರುತ್ತಿದ್ದರು.

ಯಾವ ವಯಸ್ಸಿಗೆ ಯಾವ ಸರಣಿ? ಒಂದನೇ ಭಾಗದಿಂದಲೇ ಓದಬೇಕಾ?

ವಯಸ್ಸು ನೋಡಿ ಪುಸ್ತಕ ಕೊಡುವುದನ್ನು ನಾನು ಬಿಟ್ಟು ಬಹಳ ದಿನ ಆಯಿತು. ಹಾಳೆ ತಿರುಗಿಸುವ ವೇಗ ನೋಡಿ ಕೊಡುತ್ತೇನೆ. ಆದರೂ ಕೇಳುತ್ತೀರಿ ಅಂತ ಹೇಳುತ್ತೇನೆ.

ಈಗಷ್ಟೇ ಇಂಗ್ಲಿಷ್ ಓದೋಕೆ ಕಲಿತವರಿಗೆ 'ರೇನ್‌ಬೋ ಮ್ಯಾಜಿಕ್'. 2003ರಿಂದ ಬರುತ್ತಿದೆ, ಹೆಚ್ಚಿನವು ಏಳೇಳು ಪುಸ್ತಕದ ಗುಂಪು, ಒಂದೊಂದಕ್ಕೆ ಒಬ್ಬೊಬ್ಬ ಕಿನ್ನರಿ. ಬರೆದವರು ಡೈಸಿ ಮೆಡೋಸ್ ಅಂತ ಇರುತ್ತದೆ, ಆದರೆ ಆ ಹೆಸರಿನವರು ಒಬ್ಬರಲ್ಲ, ಹಲವರು ಸೇರಿ ಒಂದೇ ಹೆಸರಲ್ಲಿ ಬರೆಯುತ್ತಾರೆ. ಕಥೆ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ದೊಡ್ಡವರಿಗೆ ಬೋರು. ಮಕ್ಕಳಿಗೆ ಅದೇ ಬೇಕು, ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೆ ಓದುವ ಧೈರ್ಯ ಬರುತ್ತದೆ. ಹುಡುಗಿಯರದ್ದು ಅಂತ ಗಂಡುಹುಡುಗರು ಮೂಗು ಮುರಿಯುತ್ತಾರೆ, ಆಮೇಲೆ ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಒಯ್ಯುತ್ತಾರೆ. ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ.

ಅದಾದ ಮೇಲೆ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್'. 12 ಪುಸ್ತಕ, ಮೊದಲಿನಿಂದ ಓದಿದರೆ ಒಳ್ಳೆಯದು. 2010ರ ಸಿನಿಮಾ ನೋಡಿ ಬಂದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸಿನಿಮಾದಲ್ಲಿ ಆ ಕರಿ ಡ್ರ್ಯಾಗನ್ ಮೇಲೆ ಕೂತು ಹಾರಬಹುದು, ಪುಸ್ತಕದಲ್ಲಿ ಅದು ಪುಟಾಣಿ, ಮೇಲೆ ಹಟಮಾರಿ. ಇದನ್ನು ಹೇಳದೆ ಕೊಟ್ಟ ಒಂದು ಸಲ ಒಬ್ಬ ಹುಡುಗ 'ಇದು ಡುಪ್ಲಿಕೇಟ್ ಐತ್ರಿ' ಅಂತ ವಾಪಸ್ ತಂದಿದ್ದ.

ಹತ್ತು ವರ್ಷದ ಆಸುಪಾಸಿನವರು ಬಿದ್ದು ಸಾಯುವುದು 'ವಿಂಗ್ಸ್ ಆಫ್ ಫೈರ್'ಗೆ. ಟುಯಿ ಸದರ್ಲ್ಯಾಂಡ್ ಬರೆದದ್ದು, 2012ರಲ್ಲಿ ಮೊದಲನೇದು ಬಂತು. ಇಲ್ಲಿ ಡ್ರ್ಯಾಗನ್‌ಗಳೇ ನಾಯಕರು. ಮನುಷ್ಯರನ್ನು ಅವು ಲೆಕ್ಕಕ್ಕೇ ಇಟ್ಟಿಲ್ಲ, ಬಿದ್ದದ್ದು ಹೆಕ್ಕಿ ತಿನ್ನುವ ಸಣ್ಣ ಪ್ರಾಣಿ ಅಂತ ತಿಳಿದಿವೆ. ಆ ಒಂದು ತಿರುವೇ ಮಕ್ಕಳಿಗೆ ಹುಚ್ಚು ಹಿಡಿಸುತ್ತದೆ. ಐದೈದು ಪುಸ್ತಕಕ್ಕೆ ಒಂದು ಕಥೆ ಮುಗಿಯುತ್ತದೆ, ಮೊದಲ ಐದರಲ್ಲಿ ಒಂದೊಂದನ್ನು ಒಂದೊಂದು ಮರಿ ಡ್ರ್ಯಾಗನ್ ಕಣ್ಣಿಂದ ನೋಡುತ್ತೇವೆ. ಇದನ್ನು ಮಾತ್ರ ದಯವಿಟ್ಟು ಒಂದನೇದರಿಂದ ಶುರು ಮಾಡಿ. ಯುದ್ಧ ಇದೆ, ರಕ್ತ ಇದೆ, ಸಾವು ಇದೆ. ಮೆತ್ತಗಿನ ಮಗು ಆದರೆ ಮೊದಲು ನೀವೇ ಒಂದು ಅಧ್ಯಾಯ ಓದಿ ನೋಡಿ. ಎರಡನೇ ಭಾಗ ಸದ್ಯಕ್ಕೆ ನಮ್ಮಲ್ಲಿ ಇಲ್ಲ, ಅದರ ಮಾತು ಕೊನೆಗೆ.

ಅಂಗಡಿಯಲ್ಲಿ 'ವಿಂಗ್ಸ್ ಆಫ್ ಫೈರ್' ಕೇಳಿದರೆ ಬೇರೆಯೇ ಕೊಟ್ಟರು!

ಗೊತ್ತು. ಅಬ್ದುಲ್ ಕಲಾಂ ಅವರ ಆತ್ಮಕಥೆ ಕೊಟ್ಟಿರುತ್ತಾರೆ. 1999ರಲ್ಲಿ ಬಂದ ಅದರ ಹೆಸರೂ ಇದೇ. ನಮ್ಮ ಓಣಿಯಲ್ಲೇ ಇದು ಮೂರು ಮನೆಯಲ್ಲಿ ಆಗಿದೆ. ಒಬ್ಬ ಅಪ್ಪ ಮಗನ ಹುಟ್ಟುಹಬ್ಬಕ್ಕೆ ಹುಬ್ಬಳ್ಳಿಯಿಂದ ತಂದಿದ್ದರು, ಮಗ ಎಲ್ಲ ಹಾಳೆ ತಿರುವಿ 'ಅಪ್ಪಾ, ಡ್ರ್ಯಾಗನ್ ಎಷ್ಟನೇ ಪಾನದಾಗ ಬರತೈತಿ?' ಅಂದನಂತೆ. ಅಂಗಡಿಗೆ ಹೋದಾಗ ಬರೆದವರ ಹೆಸರು ಹೇಳಿ ಕೇಳಿ. ಕಲಾಂ ಅವರದ್ದನ್ನು ವಾಪಸ್ ಮಾಡಬೇಡಿ, ಮುಂದೆ ಬೇಕಾಗುತ್ತದೆ. ಅದರಲ್ಲೂ ಬೆಂಕಿ ಉಗುಳಿಕೊಂಡು ಹಾರುವುದು ಇದೆ, ರಾಕೆಟ್ ಅಷ್ಟೇ.

ನಮ್ಮ ಮಗ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಲ್ಲ. ನನಗೂ ಅಷ್ಟಕ್ಕಷ್ಟೇ. ಏನು ಮಾಡಲಿ?

ಪುಸ್ತಕ ಒಯ್ಯಿರಿ, ಚಿತ್ರ ತೋರಿಸಿ, ತಿಳಿದಷ್ಟು ಕಥೆ ನಿಮ್ಮ ಮಾತಲ್ಲಿ ಹೇಳಿ. ತಿಳಿಯದ ಕಡೆ ನೀವೇ ಸೇರಿಸಿ. ನಿಜವಾಗಿ ಹೇಳುತ್ತೇನೆ, ನನ್ನ ಅತ್ತೆಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ, ಮೊಮ್ಮಗಳ ಡ್ರ್ಯಾಗನ್ ಪುಸ್ತಕದ ರಕ್ಷಾಪುಟ ನೋಡಿಕೊಂಡು ಅವರು ಹೇಳಿದ ಕಥೆ ಒಳಗೆ ಇದ್ದ ಕಥೆಗಿಂತ ಚೆನ್ನಾಗಿತ್ತು. ಡ್ರ್ಯಾಗನ್ನಿಗೆ ಹಳೇ ಬಾಗಲಕೋಟೆಯಲ್ಲಿ ಮನೆ ಇತ್ತಂತೆ. ಆಲಮಟ್ಟಿ ಡ್ಯಾಮಿನ ನೀರು ಬಂದಾಗ ಎಲ್ಲರೂ ಸಾಮಾನು ಕಟ್ಟಿಕೊಂಡು ನವನಗರಕ್ಕೆ ಬಂದರೆ, ಅದಕ್ಕೆ ಮಾತ್ರ ಪರಿಹಾರ ಸಿಗಲಿಲ್ಲವಂತೆ. 'ರೆಕ್ಕಿ ಇದ್ದವ್ರಿಗೆ ಪ್ಲಾಟ್ ಯಾಕ ಅಂದ್ರಂತ ಸಾಹೇಬ್ರು.' ಅತ್ತೆಯ ತವರುಮನೆ ಮುಳುಗಿದ್ದು ಹಾಗೆ. ಅವರು ಆ ವಿಷಯ ಯಾವತ್ತೂ ನಮ್ಮ ಹತ್ತಿರ ಮಾತಾಡಿದವರಲ್ಲ.

ಕನ್ನಡದಲ್ಲೇ ಓದಬೇಕು ಅಂದರೆ ಹಳೇ ಚಂದಮಾಮ ಎಲ್ಲಿ ಸಿಕ್ಕರೂ ಬಿಡಬೇಡಿ. ಚಡಚಣದ ಸಿಂಪಿ ಲಿಂಗಣ್ಣನವರು ಸೇರಿಸಿದ ನಮ್ಮ ಕಡೆಯ ಜನಪದ ಕಥೆಗಳನ್ನು ಲೈಬ್ರರಿಯಲ್ಲಿ ಕೇಳಿ ನೋಡಿ. ಭಾಷೆ ನಮ್ಮದೇ, ಬಾಯಿಬಿಟ್ಟು ಓದೋಕೆ ಬಲು ಸೊಗಸು.

ಗರುಡಗ ಡ್ರ್ಯಾಗನ್‌ಗ ಕುಸ್ತಿ ಬಿದ್ರ ಯಾರ್ ಗೆಲ್ತಾರ್ರಿ?

ಗರುಡ. ಇದರಲ್ಲಿ ಚರ್ಚೆ ಇಲ್ಲ, ನಮ್ಮ ಅತ್ತೆ ಒಳಗಿಂದ ಕೇಳಿಸಿಕೊಳ್ಳುತ್ತಿರುತ್ತಾರೆ.

ಆದರೆ ಗರುಡನ ಕಥೆ ಕುಸ್ತಿಗಿಂತ ದೊಡ್ಡದು. ಅವನ ಅವ್ವ ವಿನತೆ, ದೊಡ್ಡವ್ವ ಕದ್ರು. ಕದ್ರುವಿನ ಮಕ್ಕಳು ಸಾವಿರ ಹಾವು. ಒಂದು ಬಿಳಿ ಕುದುರೆಯ ಬಾಲದ ಬಣ್ಣದ ಮೇಲೆ ಇಬ್ಬರೂ ಪಣ ಕಟ್ಟಿದರು. ಕದ್ರು ಮೋಸ ಮಾಡಿದಳು, ಕರಿ ಹಾವುಗಳನ್ನು ಕುದುರೆ ಬಾಲಕ್ಕೆ ಜೋತುಬೀಳಿಸಿದಳು. ವಿನತೆ ಸೋತು ಆಳಾದಳು. ಅವ್ವನನ್ನು ಬಿಡಿಸೋಕೆ ಗರುಡ ದೇವಲೋಕಕ್ಕೆ ಹಾರಿ ಅಮೃತ ತಂದ. ದರ್ಭೆಯ ಮೇಲೆ ಇಟ್ಟ, ಹಾವುಗಳು ಸ್ನಾನಕ್ಕೆ ಹೋದಾಗ ಇಂದ್ರ ಬಂದು ಎತ್ತಿಕೊಂಡು ಹೋದ. ಹಾವುಗಳು ಆಸೆಗೆ ಆ ದರ್ಭೆಯನ್ನೇ ನೆಕ್ಕಿ ನಾಲಿಗೆ ಸೀಳಿಕೊಂಡವು. ಈ ಜಾಗಕ್ಕೆ ಬಂದಾಗ ಪಡಸಾಲೆಯಲ್ಲಿ ಇಪ್ಪತ್ತು ನಾಲಿಗೆ ಹೊರಗೆ ಬರುತ್ತವೆ.

ಚೀನಾದ ಡ್ರ್ಯಾಗನ್ ಜೊತೆ ಮಾತ್ರ ಜಗಳ ಬೇಡ ಅಂತ ಹುಡುಗರಿಗೆ ಹೇಳಿದ್ದೇನೆ. ಅದಕ್ಕೆ ಸಾಮಾನ್ಯವಾಗಿ ರೆಕ್ಕೆ ಇರುವುದಿಲ್ಲ, ಬೆಂಕಿಯ ಬದಲು ಮಳೆ ತರುತ್ತದೆ. ನಮ್ಮ ಜಿಲ್ಲೆಗೆ ಬೇಕಾಗಿರುವುದು ಅದೇ.

ಓದಿ ರಾತ್ರಿ ಹೆದರಿಕೊಳ್ಳುತ್ತಾಳೆ. ಬಿಡಿಸಿಬಿಡಲಾ?

ಎರಡು ದಿನ ಹಗಲು ಹೊತ್ತು ಓದಲಿ. ಹೆದರಿಸಿದ ಪ್ರಾಣಿಯ ಚಿತ್ರ ಬಿಡಿಸಲಿ, ಅದಕ್ಕೊಂದು ತಮಾಷೆ ಹೆಸರು ಇಡಲಿ. ನಮ್ಮಲ್ಲಿ ಒಬ್ಬಳು ತನ್ನ ಕನಸಿನ ಡ್ರ್ಯಾಗನ್‌ಗೆ 'ಬಸಣ್ಣ ಕಾಕಾ' ಅಂತ ಹೆಸರಿಟ್ಟಳು, ಅವತ್ತಿಂದ ಹೆದರಿಕೆ ಹೋಯಿತು. ಆದರೂ ನಿದ್ದೆ ಕೆಡುತ್ತಿದ್ದರೆ ಪುಸ್ತಕ ತೆಗೆದಿಡಿ, ಇನ್ನೊಂದು ವರ್ಷ ಬಿಟ್ಟು ಕೊಡಿ. ಪುಸ್ತಕ ಎಲ್ಲಿಗೂ ಹಾರಿಹೋಗಲ್ಲ.

ಇದರಿಂದ ಮಾರ್ಕ್ಸ್ ಬರುತ್ತಾ? ಜ್ಞಾನ ಏನು ಸಿಗುತ್ತೆ?

ಮಾರ್ಕ್ಸ್ ಬರಲ್ಲ. ಮುಂದಿನ ಪ್ರಶ್ನೆ.

ಅಲ್ಲ, ಸಿಟ್ಟಲ್ಲಿ ಹಾಗೆ ಬರೆದೆ, ಇರಲಿ. ಹೇಳಬೇಕಾದ್ದು ಒಂದಿದೆ. ಮಗು ಪುಸ್ತಕ ಮುಚ್ಚಿದ ಕೂಡಲೇ 'ಏನ್ ತಿಳೀತು ಹೇಳು, ನೀತಿ ಏನು?' ಅಂತ ಕೇಳಬೇಡಿ. ನಾನೂ ನನ್ನ ಮಗಳಿಗೆ ಹಾಗೇ ಕೇಳುತ್ತಿದ್ದೆ. ಆಮೇಲೆ ನೋಡಿದರೆ ಅವಳು ಕೊನೇ ಅಧ್ಯಾಯ ಬಿಟ್ಟು ಪುಸ್ತಕ ಇಡೋಕೆ ಶುರು ಮಾಡಿದ್ದಳು. ಮುಗಿಸಿದರೆ ತಾನೇ ಪ್ರಶ್ನೆ! ಒಂದು ಶಾಲೆಯಲ್ಲಂತೂ ಬ್ಯಾಗಲ್ಲಿ ಡ್ರ್ಯಾಗನ್ ಪುಸ್ತಕ ಸಿಕ್ಕಿತು ಅಂತ ಕಸಿದು ವರ್ಷಾಂತ್ಯದವರೆಗೆ ಬೀರುವಿನಲ್ಲಿ ಇಟ್ಟಿದ್ದರು. ವಾಪಸ್ ಬಂದಾಗ ಪುಟಗಳ ನಡುವೆ ಬೇರೆ ಯಾರೋ ಅಲ್ಲಲ್ಲಿ ಬಸ್ ಟಿಕೆಟ್ ಗುರುತು ಇಟ್ಟಿದ್ದರು. ಸ್ಟಾಫ್ ರೂಮಲ್ಲಿ ಯಾರೋ ಓದಿದ್ದಾರೆ ಅಂತ ನನಗೆ ಖುಷಿಯೇ ಆಯಿತು.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋದರೆ ರೆಕ್ಕೆಯವರು ಕಾಣುತ್ತಾರೆ?

ಬಾದಾಮಿ, ವಿಜಯಪುರ ಮೇಲೆ ಹೇಳಿದೆ. ವಿಜಯಪುರಕ್ಕೆ ಹೋದರೆ ಗೋಳಗುಮ್ಮಟ ಬಿಡಬೇಡಿ. ಗ್ಯಾಲರಿಯಲ್ಲಿ ಒಬ್ಬ ಹುಡುಗ ಡ್ರ್ಯಾಗನ್ ಹಾಗೆ ಗುರ್ ಅಂದರೆ ಸಾಕು, ಗುಮ್ಮಟದೊಳಗೆ ಒಂದು ಹಿಂಡೇ ಬಂದಹಾಗೆ ಕೇಳುತ್ತದೆ. ಬೆಳಿಗ್ಗೆ ಬೇಗ, ಗದ್ದಲ ಶುರುವಾಗುವ ಮೊದಲು ಹೋಗಿ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ರಾಜಹಂಸ ಬರುತ್ತವೆ, ಹಾರಿದಾಗ ರೆಕ್ಕೆಯ ಒಳಗಿನ ಗುಲಾಬಿ ಕೆಂಪು ಬಣ್ಣ ಬಿಚ್ಚಿಕೊಳ್ಳುತ್ತದೆ. ಗೋಕಾಕ್ ಕಡೆಯವರಿಗೆ ಧೂಪದಾಳದ ಹತ್ತಿರ ಘಟಪ್ರಭಾ ಪಕ್ಷಿಧಾಮ ಇದೆ. ಹೋದವರು ಬರುವಾಗ ಕರದಂಟು ತರುವುದು, ನಮಗೂ.

ಖಾನಾಪುರದ ಭೀಮಗಡ ಕಾಡಿನ ಬಾರಾಪೆಡೆ ಗುಹೆಯಲ್ಲಿ ರೌಟನ್ ಬಾವಲಿ ಅಂತ ಒಂದಿದೆ, ದೊಡ್ಡ ದೊಡ್ಡ ಕಿವಿ, ಜಗತ್ತಿನಲ್ಲಿ ಬಹಳ ಕಡಿಮೆ ಕಡೆ ಕಾಣುವಂಥದ್ದು. ಬಹಳ ಕಾಲ ಇದು ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ ಅಂತಲೇ ತಿಳಿದಿದ್ದರು. ಅಲ್ಲಿಗೆ ಮಾತ್ರ ಹೋಗೋಣ ಅನ್ನಬೇಡಿ. ಬಾವಲಿಗೆ ತೊಂದರೆ ಆಗುತ್ತದೆ. ಅವು ಅಲ್ಲಿವೆ ಅಂತ ಗೊತ್ತಿದ್ದರೆ ಸಾಕು.

ತಾನೇ ಡ್ರ್ಯಾಗನ್ ಕಥೆ ಬರೀತೀನಿ ಅಂತಾನೆ. ಹೇಗೆ ಶುರು ಮಾಡಲಿ?

ಮೂರು ಪ್ರಶ್ನೆ ಕೇಳಿ: ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾರಿಗೆ ಹೆದರುತ್ತದೆ. ಉಳಿದದ್ದು ತಾನೇ ಬರುತ್ತದೆ. ನಮ್ಮ ಒಬ್ಬ ಹುಡುಗನ ಡ್ರ್ಯಾಗನ್ ಖಡಕ್ ರೊಟ್ಟಿ ತಿನ್ನುತ್ತದೆ. ಬೆಂಕಿ ಎಲ್ಲಿಂದ ಬರುತ್ತದೆ ಅಂದರೆ 'ರಂಜಕ ಹಚ್ಕೊಂಡು ತಿಂತೈತ್ರಿ' ಅಂದ. ನಾನು ನಕ್ಕೆ, ಆದರೆ ಮಾವನವರು ಪೇಪರ್ ಕೆಳಗಿಟ್ಟು ಹೇಳಿದರು, ರಂಜಕ ಅಂದರೆ ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ ಅಷ್ಟೇ ಅಲ್ಲ, ಹಳೇ ಕಾಲದಲ್ಲಿ ತೋಪಿನ ಕಿವಿಗೆ ಹಾಕಿ ಬೆಂಕಿ ಹಚ್ಚುತ್ತಿದ್ದ ಮದ್ದಿಗೂ ಅದೇ ಹೆಸರು ಅಂತ. ಹುಡುಗನಿಗೆ ಗೊತ್ತಿಲ್ಲದೇ ಸರಿಯಾಗಿ ಬರೆದಿದ್ದ.

ಕಾಗುಣಿತ ತಿದ್ದಬೇಡಿ. ಆಮೇಲೆ ತಿದ್ದಿದರಾಯಿತು.

ಪುಸ್ತಕ ಎಷ್ಟು ದಿನ ಇಟ್ಟುಕೊಳ್ಳಬಹುದು?

ಎರಡು ವಾರ. ದುಡ್ಡು ಇಲ್ಲ. ಎಣ್ಣೆ ಕೈ ಒರೆಸಿಕೊಂಡು ಹಿಡಿಯಿರಿ, ಮಿರ್ಚಿ ಭಜಿ ತಿಂದ ಕೈ ಗುರುತು ಯಾವ ರಬ್ಬರಿಗೂ ಹೋಗಲ್ಲ.

ಇನ್ನು ಇದು ನಾನು ನಿಮಗೆ ಪದೇ ಪದೇ ಕೇಳುವ ಪ್ರಶ್ನೆ: ಎರಡನೇ ಭಾಗ ಯಾರ ಹತ್ತಿರ ಇದೆ?

'ವಿಂಗ್ಸ್ ಆಫ್ ಫೈರ್' ಎರಡನೇದು, ನೀಲಿ ರಕ್ಷಾಪುಟ, ಸಮುದ್ರದ ಡ್ರ್ಯಾಗನ್ ಇರುವುದು. ದೀಪಾವಳಿಗೆ ಮುಂಚೆ ಹೋಗಿದೆ. ಒಂದನೇದು ಓದಿದ ಏಳು ಮಕ್ಕಳು ಕಾಯುತ್ತಿದ್ದಾರೆ, ಅದರಲ್ಲಿ ಇಬ್ಬರು ಕಾಯೋಕಾಗದೆ ಮೂರನೇದು ಓದಿ ಮುಗಿಸಿ ಉಳಿದವರಿಗೆ ಕಥೆ ಹೇಳುತ್ತೇವೆ ಅಂತ ಹೆದರಿಸುತ್ತಿದ್ದಾರೆ. ಒಯ್ದವರ ಹೆಸರನ್ನು ನಾನು ನೋಟ್‌ಬುಕ್‌ನಲ್ಲಿ ಸರಿಯಾಗಿಯೇ ಬರೆದಿದ್ದೆ. ಆದರೆ ಆ ಹಾಳೆಯ ಮೇಲೆ ಯಾರೋ ದೊಡ್ಡದೊಂದು ಡ್ರ್ಯಾಗನ್ ಬಿಡಿಸಿದ್ದಾರೆ. ಚೆನ್ನಾಗಿಯೇ ಬಿಡಿಸಿದ್ದಾರೆ, ರೆಕ್ಕೆಯಲ್ಲಿ ಬಾವಲಿ ಬೆರಳು ಸಹ ಇವೆ. ಬಾಯಿಂದ ಬಂದ ಬೆಂಕಿಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಒತ್ತಿ ಒತ್ತಿ ತುಂಬಿದ್ದಾರೆ, ಅದೂ ಸರಿಯಾಗಿ ಆ ಹೆಸರಿನ ಮೇಲೆ.